ಎಂಬಿಎ ಓದಿದವನು ಮನೆಯಲ್ಲಿದ್ದರೆ

ನಮ್ಮ ಮನೆಯಲ್ಲಿ ಒಬ್ಬ ಎಂಬಿಎ ಇದ್ದಾನೆ. ಹೆದರಬೇಡಿ, ಕಚ್ಚುವುದಿಲ್ಲ. ಆದರೆ ಮೆಟ್ಟಿಲು ಹತ್ತುವ ಮೊದಲು ನಿಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿ ಒಳಗೆ ಬನ್ನಿ. ಯಾಕೆ ಎಂದು ಮಾತ್ರ ಕೇಳಬೇಡಿ. ಅದಕ್ಕೊಂದು ಸಿದ್ಧಾಂತ ಉಂಟು. ಸಿದ್ಧಾಂತ ಮುಗಿಯುವ ಹೊತ್ತಿಗೆ ನಿಮ್ಮ ಕೊನೆಯ ಬಸ್ಸು ಹೋಗಿರುತ್ತದೆ.

ಇವನು ನನ್ನ ಮೈದುನ, ನಮ್ಮವರ ಒಬ್ಬನೇ ತಮ್ಮ. ಉಡುಪಿಯಲ್ಲಿ ಬಿಕಾಂ ಮುಗಿಸಿ, ಮೈಸೂರಿಗೆ ಹೋಗಿ ಎಂಬಿಎ ಎಂಬುದನ್ನು ಓದಿ ಬಂದವನು. ಎಪ್ಪತ್ತರ ದಶಕದಲ್ಲಿ ನಮ್ಮ ಕಾಪುವಿನ ಕಡೆ ಆ ಮೂರು ಅಕ್ಷರಗಳ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಓದಿ ಬಂದವನಿಗೆ ಗೊತ್ತಿತ್ತು ಎಂದು ನಾನು ಖಚಿತವಾಗಿ ಹೇಳಲಾರೆ.

"ಎಂತ ಮಗಾ, ಇದನ್ನು ಓದಿದರೆ ಎಂತ ಆಗ್ತದೆ?" ಎಂದು ಅತ್ತೆ ಕೇಳಿದ್ದರು.

"ಬೇರೆಯವರ ಕೈಯಿಂದ ಕೆಲಸ ಮಾಡಿಸುವುದು ಹೇಗೆ ಅಂತ ಗೊತ್ತಾಗ್ತದೆ ಅಮ್ಮ."

"ಅದು ನಿನಗೆ ತೊಟ್ಟಿಲಲ್ಲೇ ಗೊತ್ತಿತ್ತು" ಎಂದರು ಅತ್ತೆ.

ಹಾಗೆಂದರೂ ಅತ್ತೆಗೆ ಆ ಓದಿನ ಮೇಲೆ ಬಹಳ ಆಸೆಯಿತ್ತು. ಅವನು ಮೈಸೂರಿನ ಬಸ್ಸು ಹತ್ತಿದ ದಿನವೇ ದೇವಿಗೆ ಹರಕೆ ಹೇಳಿಕೊಂಡಿದ್ದರು. ಮಗನಿಗೆ ಓದಿಗೆ ತಕ್ಕ ಉದ್ಯೋಗ ಸಿಕ್ಕಿದರೆ ಮನೆಯ ಬಳಿ ಒಂದು ಯಕ್ಷಗಾನ ಆಟ ಆಡಿಸುತ್ತೇನೆ ಎಂದು. ನಮ್ಮ ಊರಿನವರಿಗೆ ಇದು ಹೊಸತಲ್ಲ. ಮಗು ಹುಟ್ಟಿದರೆ ಆಟ, ಕಾಯಿಲೆ ವಾಸಿಯಾದರೆ ಆಟ. ಹರಕೆ ಹೊತ್ತವರು ಎಷ್ಟೆಂದರೆ, ಇವತ್ತು ಹೆಸರು ಬರೆಸಿದರೆ ಆಟದ ಮೇಳ ನಮ್ಮ ಮನೆಗೆ ಬರುವುದು ಎಷ್ಟೋ ವರ್ಷ ಕಳೆದ ಮೇಲೆ. ತಪ್ಪಿಸಿಕೊಂಡರೆ ಪುನಃ ಸಾಲಿನ ಬಾಲಕ್ಕೆ!

ಬೇರೆಯವರು ಕೆಲಸವಾದ ಮೇಲೆ ಹೆಸರು ಬರೆಸುತ್ತಾರೆ. ಅತ್ತೆ ಮಾತ್ರ, ಮಗ ಎಂಬಿಎ ಮುಗಿಸುವ ಮೊದಲೇ ಬರೆಸಿಬಿಟ್ಟರು. "ಸರದಿ ಬರುವಾಗ ಅವನು ಮ್ಯಾನೇಜರ್ ಆಗದೆ ಇರ್ತಾನಾ? ಎಂಬಿಎ ಅಲ್ವಾ?" ಎಂದು ಅವರ ವಾದ. ಓದು ಮುಗಿಸಿ ಬಂದು ಇದನ್ನು ಕೇಳಿದ ಮೈದುನನಿಗೆ ಆನಂದ. "ಅತ್ತಿಗೆ, ನಮ್ಮ ಪ್ರೊಫೆಸರ್ ಎರಡು ವರ್ಷ ಹೇಳಿಕೊಟ್ಟದ್ದನ್ನು ಅಮ್ಮ ಒಂದು ಮಾತಲ್ಲಿ ಮಾಡಿದರು. ಇದೇ ಪ್ಲಾನಿಂಗ್!"

ನಾನು ದೇವಿಗೆ ಒಂದು ತುಪ್ಪದ ದೀಪ ಹಚ್ಚಿ ಸುಮ್ಮನಾದೆ. ಪ್ಲಾನಿಂಗ್ ನಮ್ಮದಾದರೂ ನಡೆಸುವವಳು ಅವಳು.

ಮೊದಲ ಉದ್ಯೋಗ ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸಿಕ್ಕಿತು. ಮಾಲೀಕರು ಹಳೆಯ ಕಾಲದವರು, ಓದಿದ ಹುಡುಗನೆಂದು ಪ್ರೀತಿಯಿಂದ ಸೇರಿಸಿಕೊಂಡರು. ಇವನು ಸೇರಿದವನೇ ಒಂದು ದೊಡ್ಡ ರಟ್ಟಿನ ಮೇಲೆ ಚಾರ್ಟು ಬರೆದ. ಯಾರು ಯಾರ ಕೈಕೆಳಗೆ, ಯಾರ ಕೆಲಸ ಎಂತದ್ದು ಎಂದು ಪೆಟ್ಟಿಗೆ ಪೆಟ್ಟಿಗೆಯಾಗಿ ಚಿತ್ರ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗೆರೆ. ಕೊನೆಗೆ ಒಂದು ಪೆಟ್ಟಿಗೆ ಮಾತ್ರ ಯಾವ ಗೆರೆಯೂ ಇಲ್ಲದೆ ಮೂಲೆಯಲ್ಲಿ ಉಳಿಯಿತು. "ಈ ವ್ಯಕ್ತಿಗೆ ಇಲ್ಲಿ ಎಂತ ಕೆಲಸವೂ ಇಲ್ಲ, ಇವರಿಗೆ ಕೆಲಸ ಹೇಳುವವರೂ ಇಲ್ಲ" ಎಂದು ಕೆಂಪು ಶಾಯಿಯಲ್ಲಿ ಬರೆದು ಚಾರ್ಟನ್ನು ಮಾಲೀಕರ ಮೇಜಿನ ಎದುರಿಗೆ ತೂಗುಹಾಕಿದ.

ಅದು ಮಾಲೀಕರ ಹೆಂಡತಿಯ ತಮ್ಮನ ಪೆಟ್ಟಿಗೆ.

ಮೈದುನ ಸಂಜೆ ರಟ್ಟಿನ ಸಮೇತ ಮನೆಗೆ ಬಂದ. ರಟ್ಟು ಗಟ್ಟಿಯಾಗಿತ್ತು. ಮಳೆಗಾಲದಲ್ಲಿ ಸೌದೆಯ ಮೇಲೆ ಮುಚ್ಚಲು ನನಗೆ ಒಳ್ಳೆಯದಾಯಿತು. ದೇವರು ಒಂದು ಬಾಗಿಲು ಹಾಕಿದರೂ ಸೌದೆ ಒದ್ದೆಯಾಗಲು ಬಿಡುವುದಿಲ್ಲ.

ನಂತರ ಉಡುಪಿಯ ಒಬ್ಬ ಬಸ್ಸು ಮಾಲೀಕರು ಕರೆದರು. ಪಡುಬಿದ್ರಿ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸು. ನಮ್ಮ ಕಾಪುವಿನ ಮೇಲೆಯೇ ಹೋಗುವುದರಿಂದ ಅತ್ತೆಗೆ ಭಾರಿ ಹೆಮ್ಮೆ. ಆ ಬಸ್ಸು ಪಡುಬಿದ್ರಿಯಲ್ಲಿ ನಿಂತರೆ ಡ್ರೈವರನ ಚಹಾ ಮುಗಿಯದೆ ಹೊರಡುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಆದ್ದರಿಂದ ಪ್ರಯಾಣಿಕರೂ ಇಳಿದು ಹೋಟೆಲಿಗೆ ನುಗ್ಗಿ ಬನ್ಸ್ ತಿನ್ನುತ್ತಾರೆ. ಕಂಡಕ್ಟರನೂ ಅವರ ಜೊತೆ. ಮೈದುನ ಡ್ರೈವರನಿಗೆ ಗಡಿಯಾರ ತೋರಿಸಿ ಆಜ್ಞೆ ಮಾಡಿದ: ನಾಳೆಯಿಂದ ಸಮಯವಾದರೆ ಹೊರಡಬೇಕು, ಹಿಂದೆ ಮುಂದೆ ನೋಡಬಾರದು.

ಡ್ರೈವರ್ ವಿಧೇಯ ಮನುಷ್ಯ. ಹಿಂದೆ ನೋಡಲಿಲ್ಲ. ಬಸ್ಸು ಅದರ ಚರಿತ್ರೆಯಲ್ಲೇ ಮೊದಲ ಸಲ ಕಾರ್ಕಳಕ್ಕೆ ಸರಿಯಾದ ಸಮಯಕ್ಕೆ ತಲುಪಿತು. ಒಳಗೆ ಒಂದು ಹಲಸಿನ ಹಣ್ಣು, ಎರಡು ಕೊಡೆ, ಯಾರದೋ ಮದುವೆಯ ಮಲ್ಲಿಗೆಯ ಬುಟ್ಟಿ. ಮನುಷ್ಯರೆಲ್ಲ ಪಡುಬಿದ್ರಿಯಲ್ಲಿ ಬನ್ಸ್ ತಿನ್ನುತ್ತಿದ್ದರು.

"ಸಮಯಪಾಲನೆಯಲ್ಲಿ ನೂರಕ್ಕೆ ನೂರು ಸಾಧಿಸಿದ್ದೇವೆ" ಎಂದು ಇವನು ಮಾಲೀಕರಿಗೆ ವರದಿ ಒಪ್ಪಿಸಿದ.

"ಸಂತೋಷ ಮಾರಾಯ್ರೆ" ಎಂದರಂತೆ ಅವರು. "ಈಗಲೇ ಹೊರಟರೆ ಮನೆಗೂ ಸಮಯಕ್ಕೆ ತಲುಪುತ್ತೀರಿ."

ಇಷ್ಟಾದ ಮೇಲೆ ಆಚೆಮನೆಯ ಸರಸಕ್ಕ ನಮ್ಮ ಬೇಲಿಯ ಹತ್ತಿರ ನಿಂತು ಮಾತಾಡುವುದು ಜಾಸ್ತಿಯಾಯಿತು. ಅವರ ಮಗ ಹತ್ತನೆಯಲ್ಲಿ ಫೇಲು. ಬೊಂಬಾಯಿಗೆ ಹೋಗಿ ತಟ್ಟೆ ತೊಳೆದು, ಈಗ ಸ್ವಂತ ಹೋಟೆಲು ಇಟ್ಟಿದ್ದಾನೆ. "ನಮ್ಮವನಿಗೆ ಓದು ಹತ್ತಲಿಲ್ಲ, ದೇವರ ದಯೆ" ಎಂದು ಸರಸಕ್ಕ ಹೇಳುತ್ತಿದ್ದರು. ಅದರಲ್ಲಿ ನಮಗೆ ಹೇಳಿದ್ದು ಎಷ್ಟು, ದೇವರಿಗೆ ಹೇಳಿದ್ದು ಎಷ್ಟು ಎಂದು ನಾನು ವಿಂಗಡಿಸಲು ಹೋಗಲಿಲ್ಲ.

ಆದರೆ ದೇವಿ ಕಣ್ಣು ಬಿಟ್ಟಳು. ಮೈದುನನಿಗೆ ಬೊಂಬಾಯಿಯಲ್ಲಿಯೇ ಒಂದು ದೊಡ್ಡ ಕಂಪನಿಯಲ್ಲಿ ಕೆಲಸವಾಯಿತು. ಗಾಜಿನ ಬಾಗಿಲು, ಬಾಗಿಲಿನ ಮೇಲೆ ಹೆಸರು. ಸರಸಕ್ಕನ ಮಗ ರಜೆಯಲ್ಲಿ ಬಂದಾಗ ಅತ್ತೆ ಅವನನ್ನು ಜಗಲಿಯಲ್ಲಿ ಕೂರಿಸಿ ವಿಚಾರಣೆ ಮಾಡಿದರು.

"ಅವನ ಆಫೀಸಿಗೆ ಹೋಗಿದ್ದೀಯಾ? ಕುರ್ಚಿ ತಿರುಗ್ತದಾ?"

"ತಿರುಗ್ತದೆ ದೊಡ್ಡಮ್ಮ. ಪೂರ್ತಿ ಒಂದು ಸುತ್ತು."

ಅತ್ತೆ ಎದ್ದು ದೇವರ ಕೋಣೆಗೆ ಹೋದರು. ಕುರ್ಚಿ ತಿರುಗಿದ ಮೇಲೆ ಹರಕೆ ಫಲಿಸಿದ ಹಾಗೆಯೇ. ಇನ್ನು ಮೇಳದ ಸರದಿ ಬರುವುದೊಂದೇ ಬಾಕಿ.

ಮರುವರ್ಷ ಅಷ್ಟಮಿಗೆ ಬಂದ ಮೈದುನ ಒಂದು ದಿನ ಬೆಳಿಗ್ಗೆ ಅತ್ತೆಯನ್ನು ಹೊರಡಿಸಿದ. ಎಲ್ಲಿಗೆ ಎಂದರೆ ಮಣಿಪಾಲಕ್ಕೆ. ದೊಡ್ಡ ಸಂಸ್ಥೆಗಳು ಹೇಗೆ ನಡೆಯುತ್ತವೆ ಎಂದು ಅಮ್ಮನಿಗೆ ತೋರಿಸಬೇಕಂತೆ. ಅದಕ್ಕೆ ಫೀಲ್ಡ್ ವಿಸಿಟ್ ಎಂದು ಹೆಸರು. ಅಡಿಗೆಮನೆ, ದೇವಸ್ಥಾನ ಬಿಟ್ಟರೆ ಬೇರೆ ಕಾಣದ ಮುದುಕಿಗೆ ಎಂಥ ಫೀಲ್ಡು, ಎಂಥ ವಿಸಿಟು! ಸಂಜೆ ಇಬ್ಬರೂ ತಿರುಗಿ ಬಂದರು.

"ಮಣಿಪಾಲ ಹೇಗುಂಟು ಅತ್ತೆ?" ಎಂದು ಕೇಳಿದೆ.

"ದೊಡ್ಡದುಂಟು" ಎಂದರು. ಅಷ್ಟೇ.

ಅದಾದ ಮೇಲೆ ಮೈದುನ ಬೊಂಬಾಯಿಗೆ ಹೋಗಲೇ ಇಲ್ಲ. ರಜೆ ಮುಗಿಯಿತು. ತಿಂಗಳು ಮುಗಿಯಿತು. ನಮ್ಮವರು ತಡೆಯಲಾರದೆ ಕೇಳಿದರು.

"ರಾಜೀನಾಮೆ ಕಳಿಸಿದೆ" ಎಂದ.

"ಯಾಕೆ?"

"ಆಫೀಸು ಆರನೇ ಮಾಳಿಗೆಯಲ್ಲಿ ಉಂಟು ಅಣ್ಣ. ಲಿಫ್ಟಿಗೆ ಬಹಳ ಕಾಯಬೇಕು. ಲಿಫ್ಟಿಗೆ ಕಾಯಿಸುವ ಕಂಪನಿಗೆ ಭವಿಷ್ಯ ಇಲ್ಲ."

ನಮ್ಮವರು ನನ್ನ ಮುಖ ನೋಡಿದರು. ನಾನು ದೇವರ ಕೋಣೆಯ ಕಡೆ ನೋಡಿದೆ. ಲಿಫ್ಟು ಇಲ್ಲದ ಊರಿನಲ್ಲಿ ಹುಟ್ಟಿದ್ದೇ ನಮ್ಮ ಪುಣ್ಯವಿರಬೇಕು! ಅತ್ತೆ ಬೈಯುತ್ತಾರೆಂದು ಕಾದೆವು. ಅವರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದರು. ಕೈ ಅದರಷ್ಟಕ್ಕೆ ಓಡುತ್ತಿತ್ತು, ಮುಖ ತೆಂಗಿನ ಮರದ ಕಡೆಗಿತ್ತು.

ಉಡುಪಿಯ ಒಂದು ಟ್ಯುಟೋರಿಯಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆ ಹೊತ್ತು ಕಾಮರ್ಸ್ ಪಾಠ ಹೇಳಿ ಬರುವುದನ್ನು ಬಿಟ್ಟರೆ ಇವನಿಗೆ ಈಗ ಕೆಲಸವಿಲ್ಲ. ಎಂಬಿಎಯನ್ನು ಎಲ್ಲಿಯಾದರೂ ಖರ್ಚು ಮಾಡಬೇಕಲ್ಲ? ಕಾರ್ಖಾನೆ ಒಲ್ಲೆ ಎಂದಿತು, ಬಸ್ಸು ಒಲ್ಲೆ ಎಂದಿತು, ಬೊಂಬಾಯಿಯನ್ನು ಇವನೇ ಒಲ್ಲೆ ಎಂದ. ಉಳಿದದ್ದು ನಮ್ಮ ಮನೆ.

ಮೊದಲು ಸುಣ್ಣದ ಡಬ್ಬಿ ಹಿಡಿದು ನೆಲದ ಮೇಲೆಲ್ಲ ಚೌಕ ಬರೆದ. ಈ ಚೌಕದಲ್ಲಿ ನೀರಿನ ಹಂಡೆ, ಈ ಚೌಕದಲ್ಲಿ ಮಣೆ, ಈ ಚೌಕದಲ್ಲಿ ಅತ್ತೆಯ ಎಲೆ ಅಡಿಕೆಯ ತಟ್ಟೆ. ಯಾವ ವಸ್ತುವೂ ಚೌಕ ಬಿಟ್ಟು ಒಂದು ಬೆರಳು ಆಚೆ ಹೋಗಬಾರದು. ನಾನು ಒಂದು ದಿನ ನೆಲ ಒರೆಸುವಾಗ ಮಣೆಯನ್ನು ಗೋಡೆಗೆ ಒರಗಿಸಿದ್ದಕ್ಕೆ ಕೋರ್ಟಿನ ಎದುರು ನಿಲ್ಲಿಸಿದ ಹಾಗೆ ನಿಲ್ಲಿಸಿದ.

"ಅತ್ತಿಗೆ, ವಸ್ತುವಿಗೊಂದು ಜಾಗ, ಜಾಗದಲ್ಲೇ ವಸ್ತು. ಜಪಾನಿನವರು ಮುಂದೆ ಬಂದದ್ದು ಹೀಗೆ."

"ಜಪಾನಿನಲ್ಲಿ ನೆಲ ಒರೆಸುವುದಿಲ್ವಾ ಮಾರಾಯಾ?"

"ಒರೆಸ್ತಾರೆ. ಒರೆಸಿ ಅಲ್ಲೇ ಇಡ್ತಾರೆ."

ನಂತರ ಜಗಲಿಯಿಂದ ಬಾವಿಕಟ್ಟೆಗೆ, ಅಲ್ಲಿಂದ ಬಚ್ಚಲಿಗೆ, ಅಂಗಳದಲ್ಲಿ ಗೂಟ ನೆಟ್ಟು ಸೊಂಟದ ಎತ್ತರಕ್ಕೆ ಒಂದು ತೆಂಗಿನ ಹಗ್ಗ ಬಿಗಿದ. ಕ್ಯೂ ಪದ್ಧತಿಯಂತೆ! ಮನೆಯಲ್ಲಿ ಇರುವುದು ನಾಲ್ಕು ಜನ. ಬೆಳಿಗ್ಗೆ ಬಚ್ಚಲಿಗೆ ಹೋಗಲು ಬ್ಯಾಂಕಿನಲ್ಲಿ ನಿಂತ ಹಾಗೆ ಹಗ್ಗದ ಪಕ್ಕದಲ್ಲಿ ಹೋಗಬೇಕು. ನಾನು, ನಮ್ಮವರು ಇಬ್ಬರೂ ಹಗ್ಗದ ಕೆಳಗೆ ನುಸುಳಿ ಹೋಗುತ್ತಿದ್ದೆವು. ಅತ್ತೆ ಮಾತ್ರ ಮಗನ ಮಾತಿಗೆ ಬೆಲೆ ಕೊಟ್ಟು, ಹಗ್ಗ ಹಿಡಿದುಕೊಂಡೇ ಹೋಗಿ ಬರುತ್ತಿದ್ದರು. ಹೆತ್ತ ಕರುಳು ಎಂದು ನಾನು ಅಂದುಕೊಂಡೆ. ಆ ಹಗ್ಗದ ಮೇಲೆ ಬಟ್ಟೆ ಒಣಹಾಕಲೂ ಬಿಡಲಿಲ್ಲ ಪುಣ್ಯಾತ್ಮ.

ಮೂರನೆಯದು ಹೆಸರಿನ ಕಾಯಿದೆ. ಮನೆಯೊಳಗೆ ಬರುವ ಪ್ರತಿಯೊಬ್ಬರೂ ಬಾಗಿಲಲ್ಲಿ ಹೆಸರು ಹೇಳಬೇಕು. ದೊಡ್ಡ ಆಫೀಸುಗಳಲ್ಲಿ ಹಾಗೆಯೇ ಅಂತೆ. ಮೀನಿನ ಹೆಂಗಸು ಹೇಳಿದಳು, ಸರಸಕ್ಕ ನಗುತ್ತಾ ಹೇಳಿದರು, ನಾನೂ ಜಗಳ ಬೇಡವೆಂದು ಹೇಳಿದೆ. ಒಪ್ಪದವರು ನಮ್ಮವರೊಬ್ಬರೇ.

"ನನ್ನ ಮನೆಗೆ ನಾನು ಬರಲಿಕ್ಕೆ ಹೆಸರು ಹೇಳಬೇಕಾ? ನಾನು ಎಂತ ಇನ್ಶೂರೆನ್ಸ್ ಏಜೆಂಟಾ?"

ಅವರು ತುಟಿ ಬಿಗಿದುಕೊಂಡೇ ಒಳಗೆ ಬರುತ್ತಿದ್ದರು. ಜಗಲಿಯಲ್ಲಿ ಅತ್ತೆಯ ಪಕ್ಕ ಕುಳಿತ ಮೈದುನ ಆಕಾಶವಾಣಿಯ ಧ್ವನಿಯಲ್ಲಿ ಪ್ರಕಟಿಸುತ್ತಿದ್ದ: "ಅಮ್ಮ, ಅಣ್ಣ ಬಂದ. ಮುಖ ಸಿಂಡರಿಸಿಕೊಂಡಿದ್ದಾನೆ. ಕೈಯಲ್ಲಿ ಬಂಗುಡೆ ಮೀನು ಉಂಟು."

ಎಲ್ಲಕ್ಕಿಂತ ಮೇಲಿನದು ಬೆಳಗಿನ ಮೀಟಿಂಗು. ಕಾಫಿಯಾದ ಕೂಡಲೇ ತಾಯಿ ಮಗ ಜಗಲಿಯಲ್ಲಿ ಕೂರುತ್ತಾರೆ. ಮಗ ವರದಿ ಒಪ್ಪಿಸುತ್ತಾನೆ. "ಆಕಾಶ ತಿಳಿಯಾಗಿದೆ. ಕಡಲ ಕಡೆ ಮಾತ್ರ ಒಂದು ಮೋಡ, ಕೋಣ ಮಲಗಿದ ಹಾಗೆ. ಮಲ್ಲಿಗೆ ಮೊಗ್ಗು ನಿನ್ನೆಗಿಂತ ಜಾಸ್ತಿ. ಸರಸಕ್ಕ ಹಸಿರು ಸೀರೆ ಉಟ್ಟಿದ್ದಾರೆ, ಹೊಸತಲ್ಲ, ಹೊಸತರ ಹಾಗೆ ನಡೆಯುತ್ತಿದ್ದಾರೆ. ಅತ್ತಿಗೆಯ ಮುಖ ನೋಡಿದರೆ ದೋಸೆ ಕಾವಲಿಗೆ ಅಂಟಿದ ಲಕ್ಷಣ ಉಂಟು."

ಅಂಟಿದ್ದು ನಿಜ. ಅದನ್ನು ವರದಿ ಮಾಡಲು ಮೈಸೂರಿಗೆ ಹೋಗಿ ಓದಬೇಕಿತ್ತೇ? ಅತ್ತೆ ಕಣ್ಣು ಅರ್ಧ ಮುಚ್ಚಿ ಪ್ರವಚನ ಕೇಳುವಂತೆ ಕೇಳುತ್ತಿದ್ದರು. ನಡುವೆ ಪ್ರಶ್ನೆ ಬೇರೆ: "ಹಸಿರೆಂದರೆ ಗಿಳಿ ಹಸಿರಾ, ಮಾವಿನ ಎಲೆ ಹಸಿರಾ?"

ಹೀಗಿರುವಾಗ ಮೇಳದವರಿಂದ ಹೇಳಿಕೆ ಬಂತು. ಈ ವರ್ಷ ನಿಮ್ಮ ಸರದಿ!

ನಮ್ಮವರು ತಲೆಯ ಮೇಲೆ ಕೈಯಿಟ್ಟು ಕುಳಿತರು. ನಾನು ಒಲೆಯ ಮೇಲಿನ ಹಾಲನ್ನೇ ಮರೆತೆ. ಯಾಕೆಂದರೆ ಆಟದ ದಿನ ಸಂಜೆ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಚಪ್ಪರದಲ್ಲಿ, ಮೇಳದ ದೇವರಿಗೆ ಪೂಜೆಯಾಗುತ್ತದೆ. ಅಲ್ಲಿ ಹರಕೆ ಹೊತ್ತವರು ನಿಂತು, ಯಾವ ಪ್ರಾರ್ಥನೆ ನೆರವೇರಿತೆಂದು ಈ ಸೇವೆ ಎಂಬುದನ್ನು ಹೇಳಬೇಕು. ನೆರೆದವರೆಲ್ಲ ಕೇಳುತ್ತಿರುತ್ತಾರೆ. ಅತ್ತೆ ಎಂತ ಹೇಳುವುದು? ಮಗ ಓದಿಗೆ ತಕ್ಕ ಉದ್ಯೋಗದಲ್ಲಿ ಇದ್ದಾನೆ ಎಂದು ದೇವಿಯ ಮುಂದೆ ಸುಳ್ಳು ಹೇಳುವುದೇ? ಸಿಕ್ಕಿದ್ದನ್ನು ಬಿಟ್ಟು ಬಂದ, ಆದರೂ ಆಟ ಆಡಿಸುತ್ತೇವೆ ಎನ್ನುವುದೇ? ಜನರ ನಗುವನ್ನು ತಡೆದುಕೊಳ್ಳಬಹುದು. ದೇವಿಗೆ ಸುಳ್ಳು ಹೇಳಿದ ಮನೆಯಲ್ಲಿ ನಾನು ದೀಪ ಹಚ್ಚುವುದು ಹೇಗೆ?

"ಬಿಟ್ಟುಬಿಡುವ ಅಮ್ಮ" ಎಂದರು ನಮ್ಮವರು. "ಇವನಿಗೆ ಕೆಲಸ ಆದ ಮೇಲೆ ಪುನಃ ಹೆಸರು ಬರೆಸುವ."

"ಇನ್ನೊಮ್ಮೆ ಸರದಿ ಬರುವಾಗ ನಾನು ಇರ್ತೇನಾ?" ಎಂದರು ಅತ್ತೆ. "ಆಟ ಆಗಲಿ. ಹೇಳುವುದನ್ನು ನಾನು ಹೇಳ್ತೇನೆ."

ಅಂದಿನಿಂದ ಆಟದ ದಿನದವರೆಗೆ ನಾನು ಪ್ರತಿದಿನ ದೇವಿಗೆ ಒಂದೇ ಮಾತು ಬೇಡಿಕೊಂಡೆ: ಈ ಮುದುಕಿಯ ಬಾಯಿಂದ ಸುಳ್ಳು ಹೊರಡಿಸಬೇಡ ತಾಯಿ, ಅವನಿಗೆ ಒಂದು ಗುಮಾಸ್ತೆಯ ಕೆಲಸವಾದರೂ ಕೊಡು. ಗುಮಾಸ್ತೆಯ ಕೆಲಸ ಬರಲಿಲ್ಲ. ಬಂದದ್ದು ಇನ್ನೊಂದು ಚಾರ್ಟು. ಊಟದ ವ್ಯವಸ್ಥೆಗೆಂದು ಬರೆದು ಗೋಡೆಗೆ ಅಂಟಿಸಿದ. ಕೆಳಗೆ ನೀರು ಬಡಿಸುವವರು, ಅದರ ಮೇಲೆ ಅನ್ನದವರು, ಅದರ ಮೇಲೆ ಅಡಿಗೆ ಭಟ್ಟರು. ಎಲ್ಲಕ್ಕಿಂತ ಮೇಲಿನ ಪೆಟ್ಟಿಗೆಯಲ್ಲಿ ದೇವಿಯ ಹೆಸರು, ಪಕ್ಕದಲ್ಲಿ 'ಚೇರ್ಮನ್'.

"ಅಳಿಸು ಅದನ್ನು" ಎಂದೆ.

"ಯಾಕೆ ಅತ್ತಿಗೆ? ಅವಳ ಮೇಲೆ ಬೇರೆ ಯಾರಾದರೂ ಉಂಟಾ?"

ನಾನು ನೇರ ದೇವರ ಕೋಣೆಗೆ ಹೋದೆ. ಅಡ್ಡಬಿದ್ದು ಕ್ಷಮೆ ಕೇಳಿದೆ, ಅವನ ಪರವಾಗಿ.

ಆಟಕ್ಕೆ ಚಪ್ಪರ ಹಾಕುವವರು ಬಂದಾಗ ಇನ್ನೊಂದು ರಾಮಾಯಣ. ಅಂಗಳದಲ್ಲಿ ರಂಗಸ್ಥಳ ಕಟ್ಟಲು ಆ ಕ್ಯೂ ಹಗ್ಗ ಅಡ್ಡ. ಒಂದು ದಿನದ ಮಟ್ಟಿಗೆ ಬಿಚ್ಚಿ ಎಂದರು. ಇವನು ಗೂಟ ಹಿಡಿದು ನಿಂತ. ನಮ್ಮವರು ಬೈದರು, ಚಪ್ಪರದವರು ಕೈಮುಗಿದರು. ಕೊನೆಗೆ ರಂಗಸ್ಥಳವೇ ಪಕ್ಕದ ಗದ್ದೆಗೆ ಇಳಿಯಿತು. ಹಗ್ಗ ಇಳಿಯಲಿಲ್ಲ. ಚೌಕಿಗೆ ಮಾತ್ರ ಹಗ್ಗದ ಪಕ್ಕ, ಅಂಗಳದ ಮೂಲೆಯಲ್ಲಿ ಜಾಗ ಸಿಕ್ಕಿತು.

ಸಂಜೆಯಾಯಿತು. ಊರಿನವರು ಸೇರಿದರು. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡವರು, ಅರ್ಧ ಹಚ್ಚಿಕೊಂಡವರು, ಎಲ್ಲರೂ ಎದ್ದು ನಿಂತರು. ಅತ್ತೆ ಹಳೆಯ ರೇಷ್ಮೆ ಸೀರೆ ಉಟ್ಟು, ಹಗ್ಗ ಹಿಡಿದುಕೊಂಡು ಬಂದು ದೇವರ ಮುಂದೆ ನಿಂತರು. ಪಕ್ಕದಲ್ಲಿ ಮೈದುನ. ಅವರ ಹಿಂದೆ ನಾನು, ನಮ್ಮವರು, ಸರಸಕ್ಕ.

ಅರ್ಚಕರು ಕೇಳಿದರು. "ಅಮ್ಮ, ಯಾವ ಪ್ರಾರ್ಥನೆ?"

"ಮಗನಿಗೆ ಅವನ ಓದಿಗೆ ತಕ್ಕ ಉದ್ಯೋಗ ಸಿಗಬೇಕು ಅಂತ."

"ಸಿಕ್ಕಿತಾ?"

ನಾನು ಕಣ್ಣು ಮುಚ್ಚಿದೆ.

"ಸಿಕ್ಕಿದೆ" ಎಂದರು ಅತ್ತೆ, ಸ್ವಲ್ಪವೂ ತಡವರಿಸದೆ. "ಸಿಕ್ಕಿ ವರ್ಷ ಕಳೆಯಿತು. ಬಹಳ ಚಂದ ಮಾಡ್ತಾನೆ."

ಹಿಂದೆ ಯಾರೋ ಕಿಸಕ್ಕೆಂದರು. "ಎಂಥ ಉದ್ಯೋಗವಪ್ಪಾ?" ಎಂದು ಸರಸಕ್ಕ ನನ್ನ ಕಿವಿಯಲ್ಲಿ ಕೇಳಿದರು. ನನಗೆ ನೆಲ ಬಿರಿದರೆ ಸಾಕು ಎನಿಸಿತ್ತು. ಅರ್ಚಕರು ಮಂತ್ರ ಹೇಳಿ ಆರತಿ ಎತ್ತಿದರು. ತಟ್ಟೆಯನ್ನು ಅತ್ತೆಯ ಮುಂದೆ ಹಿಡಿದರು.

ಅತ್ತೆ ಎರಡೂ ಕೈ ಮುಂದೆ ಚಾಚಿದರು. ಕೈಗಳು ದೀಪದ ಪಕ್ಕದಿಂದ ಹಾದು, ಬರಿಯ ಗಾಳಿಯಲ್ಲಿ ನಿಂತವು. ಹಾಗೆಯೇ ಹುಡುಕಿದವು.

"ಎಡಕ್ಕೆ ಅಮ್ಮ" ಎಂದ ಮೈದುನ. ಬೆಳಗಿನ ಮೀಟಿಂಗಿನ ಅದೇ ಧ್ವನಿ, ಮಾತ್ರ ಬಹಳ ಮೆಲ್ಲಗೆ. "ಇನ್ನೂ ಸ್ವಲ್ಪ ಎಡಕ್ಕೆ. ಹಾಂ. ಈಗ ಕೆಳಗೆ. ದೀಪ ಚಂದ ಉರೀತಾ ಉಂಟು."

ಬೆಚ್ಚಗಾದ ಕೈಗಳನ್ನು ಅತ್ತೆ ಕಣ್ಣಿಗೆ ಒತ್ತಿಕೊಂಡರು. ಬಹಳ ಹೊತ್ತು ಒತ್ತಿಕೊಂಡರು.

ಸರಸಕ್ಕನ ಕೈ ನನ್ನ ಕೈಯನ್ನು ಹಿಡಿದುಕೊಂಡಿತ್ತು.

ಮಣಿಪಾಲದಲ್ಲಿ ಅವರಿಬ್ಬರು ನೋಡಿದ್ದು ಕಣ್ಣಿನ ಡಾಕ್ಟರನ್ನು ಎಂದು ಆಮೇಲೆ ತಿಳಿಯಿತು. ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ ಎಂದಿದ್ದರಂತೆ. "ಯಾರಿಗೂ ಹೇಳಬೇಡ, ಹೇಳಿದರೆ ನನ್ನನ್ನು ಮೂಲೆಯಲ್ಲಿ ಕೂರಿಸಿ ಊಟ ಕೊಡ್ತಾರೆ" ಎಂದು ಅತ್ತೆ ತಿರುಗಿ ಬರುವ ಬಸ್ಸಿನಲ್ಲೇ ಮಗನಿಂದ ಮಾತು ತೆಗೆದುಕೊಂಡಿದ್ದರು. ಅವನು ಹೇಳಲಿಲ್ಲ. ಅದರ ಬದಲು ಜಪಾನಿನ ಕತೆ ಹೇಳಿದ, ಲಿಫ್ಟಿನ ಕತೆ ಹೇಳಿದ. ನಾವು ನಕ್ಕೆವು. ನಗಲು ಬಿಟ್ಟ.

ಪೂಜೆ ಮುಗಿದು, ಚೆಂಡೆ ಬಡಿದು, ಜನರೆಲ್ಲ ಗದ್ದೆಗೆ ಇಳಿದರು. ಮೊದಲ ಸಾಲಿನಲ್ಲಿ ಅತ್ತೆಗೆ ಒಂದು ಕುರ್ಚಿ ಹಾಕಿತ್ತು, ಪಕ್ಕದ ಚಾಪೆಯಲ್ಲಿ ಮೈದುನ. ನಮ್ಮವರು ಇನ್ನೂ ಚೌಕಿಯ ಕಂಬ ಹಿಡಿದುಕೊಂಡು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಮೆಲ್ಲನೆ ಇಳಿದು ಹೋಗಿ ಅತ್ತೆಯ ಕುರ್ಚಿಯ ಎದುರು ನಿಂತರು. ಆಮೇಲೆ ತಮ್ಮ ಹೆಸರನ್ನು, ಶಾಲೆಯಲ್ಲಿ ಮಾಸ್ತರರ ಮುಂದೆ ಹೇಳುವಂತೆ, ಪೂರ್ತಿಯಾಗಿ ಹೇಳಿದರು.

ಅತ್ತೆ ಕೈ ಚಾಚಿ ಅವರ ಮುಖವನ್ನು ಹುಡುಕಿ ಹಿಡಿದರು.

"ಬಂದೆಯಾ? ಕೂತುಕೋ" ಎಂದರು. "ಮಾತಾಡಬೇಡ. ಅವನು ಹೇಳ್ತಾನೆ, ಕೇಳು."